ಮೀಟರಿನವರ ಹತ್ತು ದಿನ

ಅವರ ಎಡಗೈಯ ಬೆರಳುಗಳು ಯಾವಾಗಲೂ ಅರ್ಧ ಮಡಚಿಕೊಂಡೇ ಇರುತ್ತಿದ್ದವು. ಬಲಗೈಯಲ್ಲಿ ರೀಡಿಂಗ್ ಬರೆಯುವ ಉದ್ದದ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು. ಎಡಗೈ ಮಾತ್ರ ತೊಡೆಯ ಬದಿಗೆ ಸಡಿಲವಾಗಿ ಇಳಿಬಿದ್ದು, ಅದರ ಹಿಂಬದಿ ಎದುರಿನವರ ಕಡೆಗೆ ಇರುತ್ತಿತ್ತು. ಎದುರಿನವರು ಎಂದರೆ ಮನುಷ್ಯರಲ್ಲ, ನಾಯಿ. ಬೆರಳ ಗೆಣ್ಣುಗಳ ಮೇಲೆ ಒಣಗಿದ ಎಂಜಲಿನ ಬಿಳಿ ಗುರುತು ಇಲ್ಲದ ದಿನ ನಾನು ಆ ಕೈಯನ್ನು ನೋಡಿದ್ದಿಲ್ಲ.

ಕರೆಂಟ್ ಆಫೀಸಿನಿಂದ ತಿಂಗಳಿಗೊಮ್ಮೆ ಮೀಟರು ನೋಡಲಿಕ್ಕೆ ಬರುತ್ತಿದ್ದವರು ಅವರು. ನಮ್ಮ ಮನೆ ಕಾಪುವಿನಿಂದ ಎಲ್ಲೂರಿಗೆ ಹೋಗುವ ಬದಿಯಲ್ಲಿ. ಗಂಡ ಉಡುಪಿ-ಕಾರ್ಕಳ ಬಸ್ಸಿನ ಡ್ರೈವರು, ಬೆಳಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಮನೆಯಲ್ಲಿ ನಾನು, ಅತ್ತೆ, ಎರಡು ಮಕ್ಕಳು, ಮತ್ತೆ ಟೈಗರ್ ಎಂಬ ನಾಯಿ. ಅದಕ್ಕೆ ಹೆಸರಿಗೆ ತಕ್ಕ ಗಾತ್ರ ಇರಲಿಲ್ಲ, ಹಲ್ಲು ಇತ್ತು. ಮೊದಲಿದ್ದ ಮೀಟರಿನವರ ಪ್ಯಾಂಟು ಹರಿದದ್ದು ಅದೇ. ಹಾಗಾಗಿ ಇವರು ಮೊದಲ ಸಲ ಗೇಟಿನ ಹತ್ತಿರ ಕಂಡಾಗ, ತೆಂಗಿನ ಮಡಲು ಹೆಣೆಯುತ್ತಿದ್ದವಳು ಹಾಗೇ ಬಿಟ್ಟು ನಾಯಿ ಕಟ್ಟಲು ಓಡಿದೆ.

ಅವರು ನನ್ನನ್ನು ನೋಡಲೇ ಇಲ್ಲ. ಗೇಟಿಗೆ ಓರೆಯಾಗಿ ತಿರುಗಿ, ಕಣ್ಣು ನೆಲಕ್ಕೆ ಹಾಕಿ, ಎಡಗೈಯನ್ನು ಸರಳಿನ ಹತ್ತಿರ ಬಿಟ್ಟು ನಿಂತರು. "ಬಂದೆ. ಮೀಟರು ನೋಡಲಿಕ್ಕೆ ಬಂದೆ," ಎಂದು ನಾಯಿಗೆ ಹೇಳಿದರು. ಅದು ಬೊಗಳುತ್ತಾ ಇತ್ತು, ಅವರು ನಿಂತೇ ಇದ್ದರು. ಒಲೆಯ ಮೇಲಿನ ಹಾಲು ಉಕ್ಕುವಷ್ಟು ಹೊತ್ತು. ಟೈಗರ್ ಮೂಗು ಚಾಚಿ ಆ ಕೈಯನ್ನು ಮೂಸಿತು, ಸೀನಿತು, ಹಿಂದೆ ಸರಿಯಿತು. ಆಮೇಲೆಯೇ ಅವರು ಚಿಲಕ ತೆಗೆದದ್ದು. ಮೀಟರಿನ ಅಂಕೆಯನ್ನು ಗಟ್ಟಿಯಾಗಿ ಗೋಡೆಗೆ ಓದಿ ಹೇಳಿ, ಬರೆದುಕೊಂಡು, ಬಂದ ದಾರಿಯಲ್ಲೇ ಹೋದರು.

ಪ್ರತಿ ತಿಂಗಳು ಅದೇ ತಾರೀಕು, ಹನ್ನೊಂದೂವರೆಯ ಸುಮಾರಿಗೆ. ಕುಕ್ಕರ್ ಸೀಟಿ ಹೊಡೆದರೆ ಎರಡೂ ಕಿವಿ ಮುಚ್ಚಿಕೊಂಡು ಅಂಗಳದ ತುದಿಗೆ ಹೋಗಿ ನಿಲ್ಲುತ್ತಿದ್ದರು. ಯಾರಾದರೂ ಹೆಗಲ ಮೇಲೆ ಕೈ ಇಟ್ಟರೆ ಬೆಂಕಿ ತಾಗಿದ ಹಾಗೆ ಹಾರುತ್ತಿದ್ದರು. ಸುಳ್ಳು ಮರ್ಯಾದೆ ಗೊತ್ತಿರಲಿಲ್ಲ. ಒಮ್ಮೆ ಅತ್ತೆಗೆ, "ನಿಮ್ಮ ಸ್ವರ ಜೋರು. ನಾಯಿಗೆ ಆಗುದಿಲ್ಲ," ಎಂದರು. ಅತ್ತೆ ಆ ದಿನವಿಡೀ ಇನ್ನೂ ಜೋರಾಗಿ ಮಾತಾಡಿದರು.

ಮೇಲಿನ ಮನೆಯಲ್ಲಿ ನನ್ನ ಗಂಡನ ದೊಡ್ಡಪ್ಪನ ಮಗ, ನನಗೆ ಭಾವ. ತೆಂಗಿಗೆ ಬರುವ ಮಂಗಗಳನ್ನು ಹೆದರಿಸಲು ಅವರಲ್ಲೊಂದು ಕೋವಿ ಇತ್ತು, ಜೊತೆಗೆ ಯಾರನ್ನೂ ಬಿಡದ ನಾಲಿಗೆ. "ಎಂತ ಮಾರಾಯ, ನಾಯಿಗೆ ನಮಸ್ಕಾರ, ನಮಗೆ ಬೆನ್ನು. ನನಗೂ ಒಂದು ಬಾಲ ಇದ್ದರೆ ಮಾತಾಡಿಸ್ತಿದ್ದೆಯಾ?" ಎಂದು ಒಮ್ಮೆ ಕೇಳಿದರು.

ಮೀಟರಿನವರು ನಿಜವಾಗಿಯೂ ಯೋಚಿಸಿದರು. "ಇದ್ದರೆ ಸುಲಭ ಆಗ್ತಿತ್ತು," ಎಂದರು.

ನಾನೂ ಒಮ್ಮೆ ಕೇಳಿದ್ದುಂಟು, ಗುರುತಿಲ್ಲದ ನಾಯಿಯ ಹತ್ತಿರ ಹೋಗಲು ಹೆದರಿಕೆ ಇಲ್ಲವೇ ಎಂದು. ಅವರು ಗೋಡೆ ನೋಡುತ್ತಾ ಉತ್ತರಿಸಿದರು: "ನಾಯಿ, ಮುಖ ನೋಡಿ ಮಾತಾಡು ಅಂತ ಹೇಳುದಿಲ್ಲ, ಅಕ್ಕ."

ಆಗ ನಾವೆಲ್ಲ ಅವರನ್ನು 'ಒಂದು ನಮೂನೆಯ ಜನ' ಎಂದು ಹೇಳಿ ಮುಗಿಸುತ್ತಿದ್ದೆವು. ಕಳೆದ ವರ್ಷ ನನ್ನ ತಮ್ಮನ ಮಗಳನ್ನು ಮಣಿಪಾಲಕ್ಕೆ ತೋರಿಸಲು ಕರೆದುಕೊಂಡು ಹೋದಾಗ ಅಲ್ಲಿನ ಡಾಕ್ಟರು ಆಟಿಸಂ ಎಂಬ ಮಾತು ಹೇಳಿ, ಅದರ ಲಕ್ಷಣಗಳನ್ನು ವಿವರಿಸಿದರು. ತಮ್ಮನ ಹೆಂಡತಿ ಸೆರಗಿನಿಂದ ಕಣ್ಣು ಒರೆಸುತ್ತಿದ್ದಳು. ನಾನು ಮಾತ್ರ, ಇದು ನಮ್ಮ ಮೀಟರಿನವರೇ ಅಲ್ವಾ ಎಂದು ಕುಳಿತಿದ್ದೆ. ಮನೆಗೆ ಬಂದು ಅವಳಿಗೆ ಈ ಸಂಗತಿಯನ್ನೇ ಹೇಳಿದೆ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಬೇಸಿಗೆ. ಎಲ್ಲೂರಿನ ಕಡೆ ಹುಚ್ಚುನಾಯಿ ಒಂದು ಕರುವನ್ನು ಕಚ್ಚಿತಂತೆ ಎಂಬ ಸುದ್ದಿ ಇತ್ತು. ಒಂದು ಮಂಗಳವಾರ ಬೆಳಗ್ಗೆ ಬಟ್ಟೆ ಒಗೆಯುತ್ತಿದ್ದಾಗ, ನಾವು ಯಾರೂ ಕಂಡಿರದ ಕಂದು ನಾಯಿಯೊಂದು ತಲೆ ತಗ್ಗಿಸಿಕೊಂಡು ಅಂಗಳಕ್ಕೆ ಬಂತು. ಕುತ್ತಿಗೆಯಲ್ಲಿ ಚರ್ಮದ ಪಟ್ಟಿ. ದವಡೆ ಜೋತುಬಿದ್ದಿತ್ತು, ಎದೆಯವರೆಗೆ ಜೊಲ್ಲು. ಬಚ್ಚಲಿನ ಪಕ್ಕದ, ತೆಂಗಿನ ಸಿಪ್ಪೆ ಹಾಕುವ ಕೊಟ್ಟಿಗೆಗೆ ನುಗ್ಗಿ ಮೂಲೆಯಲ್ಲಿ ಕೂತಿತು. ನಾನು ಮಕ್ಕಳನ್ನೂ ಟೈಗರನ್ನೂ ಒಳಗೆ ಹಾಕಿ ಬಾಗಿಲು ಜಡಿದೆ. ಅತ್ತೆ ಕೂಗಿದ್ದು ಮೇಲಿನ ಮನೆಗೆ ಕೇಳಿ, ಭಾವ ಕೋವಿ ಹಿಡಿದು ಬಂದರು.

ಅವರು ಈಡು ತುಂಬಿಸುತ್ತಿದ್ದಾಗಲೇ ಗೇಟಿನಲ್ಲಿ ಮೀಟರಿನವರು. ಅದು ಅವರ ತಾರೀಕು.

"ಬರಬೇಡ ಮಾರಾಯ, ಹುಚ್ಚುನಾಯಿ ಉಂಟು ಇಲ್ಲಿ," ಎಂದರು ಭಾವ.

ಅವರು ಬಂದರು. ಕೊಟ್ಟಿಗೆಯ ಎದುರು, ಕೋವಿಗೂ ನಾಯಿಗೂ ನಡುವೆ, ಓರೆಯಾಗಿ ನಿಂತರು. ಬಹಳ ಹೊತ್ತು ನೋಡಿದರು. ನಾಯಿ ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳುತ್ತಿತ್ತು.

"ಬಲಗಡೆ ಮಾತ್ರ ಉಜ್ಜುತ್ತದೆ," ಎಂದರು. "ಬಾಯಲ್ಲಿ ಎಂತದೋ ಉಂಟು. ಕೋವಿ ಕೆಳಗೆ ಇಡಿ."

"ನೀನು ಆಚೆ ಸರಿ. ನಿನ್ನ ಹೆಣ ಹೊರಲಿಕ್ಕೆ ನನ್ನಿಂದಾಗುದಿಲ್ಲ."

ಅವರು ಸರಿಯಲಿಲ್ಲ. ನೆಲದಲ್ಲಿ ಕೂತರು. "ಬಂದೆ," ಎಂದರು ನಾಯಿಗೆ. ಒಂದು ಗೇಣು ಮುಂದೆ ಜರುಗಿದರು, ನಿಂತರು. ನಾಯಿ ಗುರುಗುಟ್ಟಿದರೆ ಅರ್ಧ ಗೇಣು ಹಿಂದೆ. ಕಿಟಕಿಯ ಸರಳು ಹಿಡಿದು ನೋಡುತ್ತಿದ್ದ ನನ್ನ ಅಂಗೈಗೆ ತುಕ್ಕು ಅಂಟಿತು. ಆ ಎಡಗೈ ನಾಯಿಯ ಮೂಗಿನವರೆಗೆ ಹೋಯಿತು, ಗಲ್ಲದ ಕೆಳಗೆ ಹೋಯಿತು, ಆಮೇಲೆ ನೋಡುತ್ತಿದ್ದಂತೆಯೇ ಬಾಯಿಯೊಳಗೆ ಹೋಯಿತು. ನಾಯಿ ಒಮ್ಮೆ ಕಿರುಚಿತು. ಕೈ ಹೊರಗೆ ಬಂದಾಗ ಅದರಲ್ಲಿ ಮೇಲ್ದವಡೆಗೆ ಅಡ್ಡ ಸಿಕ್ಕಿಕೊಂಡಿದ್ದ ಎಲುಬಿನ ತುಂಡು ಇತ್ತು. ಹೆಬ್ಬೆರಳಿನಿಂದ ರಕ್ತ ಇಳಿಯುತ್ತಿತ್ತು.

ಎಲುಬನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟು, ನನ್ನ ಬಾರ್ ಸೋಪಿನಲ್ಲಿ ಕೈ ತೊಳೆದುಕೊಂಡರು. ಭಾವ ಕೋವಿಯ ಈಡು ತೆಗೆದರು. ಮೀಟರಿನವರು ಎದ್ದು ಹೋಗಿ ಅಂಕೆ ಓದಿದರು.

ಹೆದರಿಕೆ ಶುರುವಾದದ್ದು ಆಮೇಲೆ. ಭಾವ ಅವರನ್ನು ಒತ್ತಾಯ ಮಾಡಿ ಕಾಪುವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎಲುಬು ಸಿಕ್ಕಿದ್ದು ಹೌದು, ಆದರೆ ಹಲ್ಲು ತಾಗಿದೆ, ಕರುವಿನ ಸುದ್ದಿಯೂ ಉಂಟು, ಇವತ್ತೇ ಇಂಜೆಕ್ಷನ್ ಶುರು ಮಾಡುವುದು ಒಳ್ಳೆಯದು ಎಂದರಂತೆ ಡಾಕ್ಟರು. ಹೊಕ್ಕುಳ ಸುತ್ತ ಹದಿನಾಲ್ಕು, ದಿನಕ್ಕೊಂದು. ಅಂಗಿ ಎತ್ತಿ ಎಂದು ಹತ್ತಿರ ಬಂದಾಗ ಇವರು ಗೋಡೆಗೆ ಬೆನ್ನು ಒತ್ತಿ ನಿಂತರಂತೆ. "ನಾಲ್ಕು ಜನ ಹಿಡಿಯುತ್ತಾರೆ. ಸಣ್ಣದಿರುವಾಗ ಹಿಡಿದಿದ್ದಾರೆ," ಎಂದು ಅದನ್ನೇ ಹೇಳುತ್ತಾ ಇದ್ದರಂತೆ. ಕೊನೆಗೆ ಡಾಕ್ಟರು ಮಣಿದರು. ನಾಯಿಯನ್ನು ಕಟ್ಟಿ ಹಾಕಿ ಹತ್ತು ದಿನ ನೋಡಬೇಕು. ಹತ್ತು ತುಂಬಿದ ಮೇಲೂ ಅದು ನೆಟ್ಟಗೆ ಇದ್ದರೆ ಹೆದರಿಕೆ ಇಲ್ಲ. ಸತ್ತರೆ, ಬದಲಾದರೆ, ತಪ್ಪಿಸಿಕೊಂಡರೆ, ಆ ದಿನವೇ ಇಂಜೆಕ್ಷನ್, ನಾಲ್ಕು ಜನ ಹಿಡಿದಾದರೂ ಸರಿ. "ಇದು ಜೀವದ ವಿಷಯ," ಎಂದರಂತೆ.

ನಾಯಿ ನಮ್ಮ ಕೊಟ್ಟಿಗೆಯಲ್ಲೇ ಉಳಿಯಿತು, ದಪ್ಪ ಹಗ್ಗದಲ್ಲಿ. ಅದರ ಕಾವಲು ನನ್ನದು. ಪ್ರತಿದಿನ ಹನ್ನೊಂದೂವರೆಗೆ ಸೈಕಲಿನಲ್ಲಿ ಬಂದು ಅವರು ಮೂರೇ ಪ್ರಶ್ನೆ ಕೇಳುತ್ತಿದ್ದರು: ತಿಂದಿತಾ, ನೀರು ಕುಡಿಯಿತಾ, ಸ್ವರ ಹಾಗೇ ಉಂಟಾ. ನಾಲ್ಕನೆಯ ದಿನ ಅದು ಗಂಜಿ ಮುಟ್ಟಲಿಲ್ಲ. ಮಕ್ಕಳನ್ನು ತವರಿಗೆ ಕಳಿಸುವುದೇ ಎಂದು ಯೋಚಿಸಿದೆ. ಅವರು ಬಂದು ಗಂಜಿಗೆ ಬೆರಳಿಟ್ಟು ನೋಡಿದರು. "ಬಾಯಿ ಹುಣ್ಣಾಗಿದೆ. ಬಿಸಿ ಆಗುದಿಲ್ಲ," ಎಂದರು. ತಣಿಸಿ ಇಟ್ಟೆ, ಬಟ್ಟಲು ನೆಕ್ಕಿತು. ಮುಂದಿನ ಬುಧವಾರ ನನಗೂ ಅದು ಬಾಲ ಆಡಿಸಿತು.

ಗುರುವಾರ ಅವರು ಬಂದು ನೋಡಿ ಹೋದ ಮೇಲೆ ಅತ್ತೆ ಬೆರಳು ಮಡಚಿದರು. "ಮಂಗಳವಾರ ಒಂದು, ಬುಧವಾರ ಎರಡು. ಇವತ್ತಿಗೆ ಹತ್ತಾಯಿತು ಅಲ್ವಾ? ಬಿಟ್ಟುಬಿಡು ಮಾರಾಯ್ತಿ, ಯಾರದೋ ಮನೆಯ ಜೀವ, ಹಗ್ಗದಲ್ಲಿ ಕೊರಗುತ್ತದೆ."

ನಾನೂ ಎಣಿಸಿದೆ, ಹತ್ತೇ ಬಂತು. ಹೆರಿಗೆಯಾಗಲಿ ಸಾವಾಗಲಿ, ಸೂತಕವನ್ನು ನಮ್ಮಲ್ಲಿ ಎಣಿಸುವುದು ಆದ ದಿನವನ್ನೂ ಸೇರಿಸಿಯೇ. ಬೇರೆ ರೀತಿಯ ಎಣಿಕೆ ಉಂಟೆಂದು ನಮ್ಮಿಬ್ಬರ ತಲೆಗೆ ಹೊಳೆಯಲೇ ಇಲ್ಲ. ಕೊರಳಿನ ಗಂಟು ಬಿಚ್ಚಿದವಳು ನಾನೇ. ನಾಯಿ ಹಿಂದೆ ತಿರುಗಿ ನೋಡದೆ ಓಡಿತು.

ಶುಕ್ರವಾರ ಹನ್ನೊಂದೂವರೆಗೆ ಮೀಟರಿನವರು ಬಂದರು. ಖಾಲಿ ಹಗ್ಗದ ಎದುರು ನಿಂತರು.

"ನಿನ್ನೆ ಹತ್ತಾಯಿತಲ್ಲ, ಬಿಟ್ಟೆ," ಎಂದೆ ನಾನು, ಒಳ್ಳೆಯ ಸುದ್ದಿ ಹೇಳುವವಳ ಹಾಗೆ.

"ನಿನ್ನೆ ಒಂಬತ್ತು. ಇವತ್ತು ಹತ್ತು." ಅವರು ಎರಡೂ ಕೈಯಿಂದ ಹೊಟ್ಟೆಯ ಮೇಲಿನ ಅಂಗಿಯನ್ನು ಹಿಡಿದುಕೊಂಡರು. "ಡಾಕ್ಟರು ನಾಲ್ಕು ಗಂಟೆಗೆ ಬರಲಿಕ್ಕೆ ಹೇಳಿದ್ದಾರೆ. ನಾಯಿ ಎಲ್ಲಿ ಅಂತ ಕೇಳ್ತಾರೆ. ನಾಯಿ ಎಲ್ಲಿ?"

ಅತ್ತೆಯ ಸ್ವರ ಮೊದಲ ಬಾರಿಗೆ ತಗ್ಗಿತ್ತು. "ನೀನೂ ಹೋಗು. ಬಿಚ್ಚಿದ್ದು ನೀನಲ್ವಾ?" ಎಂದರು ನನಗೆ. ಬಿಚ್ಚು ಎಂದದ್ದು ಯಾರೆಂದು ನಾನು ಕೇಳಲಿಲ್ಲ.

ಮೀಟರು ನೋಡುವ ಅವರ ಲೈನಿನಲ್ಲಿ ಇರುವ ಅಷ್ಟೂ ನಾಯಿ ಅವರಿಗೆ ಗೊತ್ತಿದ್ದವು, ಇದು ಅವುಗಳಲ್ಲಿ ಇರಲಿಲ್ಲ. ಹಾಗಾದರೆ ಅವರ ಲೈನು ಮುಗಿದ ಮೇಲಿನ ಮನೆಗಳು, ಎಲ್ಲೂರಿನ ಕಡೆ. ಸೈಕಲು ನಮ್ಮಲ್ಲೇ ಬಿಟ್ಟು ನಡೆದೆವು. ಜನರನ್ನು ಕೇಳುವುದು ನನ್ನ ಕೆಲಸ. ಆದರೆ ಪ್ರತಿ ಮನೆಯಲ್ಲೂ ಮೊದಲು ಅವರು ಗೇಟಿಗೆ ಓರೆಯಾಗಿ ನಿಲ್ಲಬೇಕು, ಕೈ ಇಳಿಬಿಡಬೇಕು, ಬಂದೆ ಎನ್ನಬೇಕು, ಆ ಮನೆಯ ನಾಯಿ ಮೂಸಿ ಮುಗಿಸುವವರೆಗೆ ಕಾಯಬೇಕು. ಒಂದು ಗಂಟೆಯಾಯಿತು, ಎರಡಾಯಿತು. ಕಂದು ನಾಯಿಯಾ, ಪಟ್ಟಿ ಇರುವುದಾ, ಇಲ್ಲಿ ಇಲ್ಲ, ಮುಂದೆ ಕೇಳಿ. ಬಿಸಿಲಿಗೆ ನನ್ನ ಚಪ್ಪಲಿಯ ಬಾರು ಕಿತ್ತಿತು, ಕೈಯಲ್ಲಿ ಹಿಡಿದುಕೊಂಡೆ.

ಎರಡೂವರೆಗೆ ಇನ್ನೊಂದು ಗೇಟಿನ ಹತ್ತಿರ ಅವರು ಹಾಗೆಯೇ ನಿಂತಾಗ ನನಗೆ ತಡೆಯಲಿಲ್ಲ. "ಸ್ವಲ್ಪ ಬೇಗ ಮಾಡುವಾ. ಸಮಯ ಇಲ್ಲ."

"ಹೇಳದೆ ಹೋದರೆ ಇದೂ ಕಚ್ಚುತ್ತದೆ. ಆಗ ಇನ್ನೊಂದು ಹತ್ತು ದಿನ," ಎಂದರು ಅವರು. ತಮಾಷೆಗೆ ಹೇಳಿದ್ದಲ್ಲ. ಅಂಗಿ ಹಿಡಿದ ಬಲಗೈ ಬೆಳ್ಳಗಾಗಿತ್ತು, ಎಡಗೈ ಮಾತ್ರ ಸಡಿಲವಾಗಿಯೇ ಇತ್ತು.

ಅದರ ನಂತರದ ಮೂರನೆಯ ಮನೆ ಒಬ್ಬ ಕ್ರಿಶ್ಚಿಯನ್ ಅಜ್ಜಿಯದು, ಜಗಲಿಯಲ್ಲಿ ಹಪ್ಪಳ ತಿರುವಿ ಹಾಕುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಕಂದು ನಾಯಿ ಬಂತು, ಕುತ್ತಿಗೆಯಲ್ಲಿ ಪಟ್ಟಿ. ನೇರವಾಗಿ ಗೇಟಿಗೆ ಬಂದು ಸರಳಿನ ಸಂದಿಯಿಂದ ಆ ಎಡಗೈಯ ಅಡಿಗೆ ಮೂಗು ತುರುಕಿತು.

ಅಜ್ಜಿ ಹೆದರಿದರು. "ನಮ್ಮ ನಾಯಿ ಅದು, ಮಗಳೇ. ಎಷ್ಟೋ ದಿನ ಇರ್ಲಿಲ್ಲ, ನಿನ್ನೆ ಸಂಜೆ ಬಂದಿದೆ. ಕೊಂಡುಹೋಗ್ಬೇಡಿ."

ಮೀಟರಿನವರಿಗೆ ಅದು ಕೇಳಿಸಲಿಲ್ಲ. "ನೀರು. ನೀರು ಕೊಡಿ," ಎಂದರು. ಅಜ್ಜಿ ತಟ್ಟೆಯಲ್ಲಿ ತಂದಿಟ್ಟ ನೀರನ್ನು ನಾಯಿ ಸದ್ದು ಮಾಡಿಕೊಂಡು ಪೂರ್ತಿ ಕುಡಿಯಿತು. ಅವರು ಅಲ್ಲೇ ಮೆಟ್ಟಿಲಿನ ಮೇಲೆ ಕೂತು ಹಿಂದಕ್ಕೂ ಮುಂದಕ್ಕೂ ತೂಗತೊಡಗಿದರು. ನಾಯಿ ಅವರ ಪಾದದ ಮೇಲೆ ಗಲ್ಲ ಇಟ್ಟು ಮಲಗಿತು. "ಹತ್ತು ಆಯಿತು, ಹತ್ತು ಆಯಿತು," ಎನ್ನುತ್ತಿದ್ದರು. ಅಜ್ಜಿ ಸಮಾಧಾನ ಮಾಡಲೆಂದು ಬೆನ್ನಿಗೆ ಕೈ ಚಾಚಿದಾಗ ನಾನು ಅವರ ಕೈಯನ್ನು ಹಿಡಿದು ನಿಲ್ಲಿಸಿದೆ.

ತೂಗುವುದು ನಿಂತ ಮೇಲೆ ನಾನು ಹೇಳಿದೆ, "ತಪ್ಪು ನನ್ನದು."

"ಹೌದು," ಎಂದರು. ಆಮೇಲೆ ಸೇರಿಸಿದರು, "ಮೊದಲ ದಿನವನ್ನು ಹಿಡಿಯಬಾರದು, ಅಕ್ಕ. ಅದು ಸೊನ್ನೆ."

ನಾಲ್ಕಕ್ಕೆ ಸರಿಯಾಗಿ ಡಾಕ್ಟರ ಬಳಿಗೆ ಹೋದೆವು. ನಾಯಿಯನ್ನು ನಾನು ಕಣ್ಣಾರೆ ಕಂಡೆ, ನೀರು ಕುಡಿಯಿತು ಎಂದು ನಾನೇ ಹೇಳಿದೆ. ಡಾಕ್ಟರು ಸೂಜಿಯ ಪೆಟ್ಟಿಗೆ ಮುಚ್ಚಿದರು.

ಮನೆಯಲ್ಲಿ ಎಲ್ಲರೂ ನನ್ನನ್ನು ಸಮಾಧಾನ ಮಾಡಿದರು. ಅತ್ತೆ, ದೇವರು ಕಾಪಾಡಿದ ಎಂದರು. ಗಂಡ, ಆದದ್ದು ಆಯಿತು ಬಿಡು ಎಂದರು. ಅವರ ಯಾರ ಮಾತೂ ನನಗೆ ತಾಗಲಿಲ್ಲ. ನಿನ್ನ ತಪ್ಪೇ ಎಂದು ಒಪ್ಪಿಕೊಂಡವರು ಮೀಟರಿನವರೊಬ್ಬರು. ಒಪ್ಪಿಕೊಂಡ ಮೇಲೂ ಮರು ತಿಂಗಳು ಅದೇ ತಾರೀಕಿಗೆ ಬಂದು ಅಂಕೆ ಓದಿ, ಸಿಟ್ಟನ್ನಾಗಲಿ ಉಪಕಾರವನ್ನಾಗಲಿ ತೋರಿಸದೆ ಹೋದರು.

ನಾಲ್ಕು ವರ್ಷದ ಮೇಲೆ ಅವರಿಗೆ ಬಜಗೋಳಿಯ ಕಡೆಗೆ ವರ್ಗವಾಯಿತು. ಹೋಗುತ್ತೇನೆ ಎಂದು ನಮಗೆ ಹೇಳಲಿಲ್ಲ, ಟೈಗರಿಗೆ ಹೇಳಿ ಹೋದರು. ಎರಡು ಮಳೆಗಾಲದ ಹಿಂದೆ ಅಲ್ಲಿಯೇ ಜ್ವರದಲ್ಲಿ ತೀರಿಕೊಂಡರಂತೆ. ಆಸ್ಪತ್ರೆಯಲ್ಲಿ ಇದ್ದರಾ, ಯಾರಾದರೂ ಹಿಡಿದರಾ ಎಂದು ಸುದ್ದಿ ತಂದವರನ್ನು ಕೇಳಿದೆ. ಇಲ್ಲ, ಅವರ ಅಕ್ಕನ ಮನೆಯಲ್ಲಿ, ನಿದ್ರೆಯಲ್ಲೇ ಎಂದರು ಅವರು. ಅಷ್ಟು ಕೇಳಿಕೊಂಡು ನಾನು ಒಳಗೆ ಹೋದೆ.