ಇಬ್ಬರೂ ಬರೆದ ಒಂದೇ ಉತ್ತರ

ಮದರಾಸಿನಲ್ಲಿ ಗಣಿತದ ಎಂ.ಎಸ್ಸಿ. ಓದುವಾಗ ಬೇರೆ ವಿಭಾಗದ ಒಂದು ಪೇಪರ್ ತೆಗೆದುಕೊಳ್ಳುವುದು ಕಡ್ಡಾಯವಾಗಿತ್ತು. ಸಂಗೀತ ವಿಭಾಗದ ತಾಳದ ಪೇಪರಿನಲ್ಲಿ ಅಂಕ ಸುಲಭವಾಗಿ ಬೀಳುತ್ತದೆ ಎಂದು ಸೀನಿಯರ್‌ಗಳು ಹೇಳಿದ್ದರಿಂದ ನಾನು ಅದನ್ನೇ ಆರಿಸಿಕೊಂಡೆ. ಮ್ಯಾನೇಜ್‌ಮೆಂಟ್‌ನವರೂ ಕೆಮಿಸ್ಟ್ರಿಯವರೂ ಅದೇ ಆಸೆಯಿಂದ ಬಂದು ಕೂತಿದ್ದರು. ಪಾಠ ಮಾಡುವ ಮೇಡಂಗೆ ಇದು ಗೊತ್ತಿಲ್ಲದ್ದೇನಲ್ಲ. ಮೊದಲ ದಿನವೇ, ಸಂಗೀತದ ಮೇಲಿನ ಪ್ರೀತಿಯಿಂದ ಬಂದವರು ಕೈ ಎತ್ತಿ ಎಂದರು. ಎಲ್ಲರೂ ಎತ್ತಿದೆವು. ಅವರು ಒಬ್ಬರನ್ನೂ ನಂಬಲಿಲ್ಲ.

ಆ ಕ್ಲಾಸಿನಲ್ಲಿ ಕೆಮಿಸ್ಟ್ರಿಯ ಹುಡುಗಿಯೊಬ್ಬಳಿದ್ದಳು. ನಮ್ಮಿಬ್ಬರ ಮನೆಯೂ ತಾಂಬರಂನಲ್ಲಿ. ನಮ್ಮಪ್ಪ ಬ್ಯಾಂಕಿನ ವರ್ಗಾವಣೆಯಲ್ಲಿ ಮಂಡ್ಯದಿಂದ ಬಂದವರು. ಅವಳ ಅಪ್ಪ ರೈಲ್ವೆಯವರು, ತಾತನ ಕಾಲದಿಂದ ಮದರಾಸಿನಲ್ಲೇ ನೆಲೆಸಿದ ಕನ್ನಡದ ಮನೆ. ನಾನು ಕನ್ನಡದಲ್ಲಿ ಮಾತಾಡಿದರೆ ಅವಳು ಹೆಚ್ಚಾಗಿ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು. ದಿನಾ ಸಂಜೆ ಗಿಂಡಿಯಲ್ಲಿ ಎಲೆಕ್ಟ್ರಿಕ್ ಟ್ರೈನ್ ಹತ್ತಿ ಜೊತೆಯಲ್ಲಿ ಹೋಗುತ್ತಿದ್ದೆವು. ತಮ್ಮ ಲ್ಯಾಬಿನಲ್ಲಿ ಕೆಲವರು ಬರಬೇಕಾದ ಉತ್ತರವನ್ನು ಮೊದಲೇ ತಿಳಿದುಕೊಂಡು, ಅದಕ್ಕೆ ಹೊಂದುವ ರೀಡಿಂಗುಗಳನ್ನು ಹಿಂದಿನಿಂದ ಬರೆಯುತ್ತಾರೆ ಎಂದು ಅವಳೇ ಒಮ್ಮೆ ನಗುತ್ತಾ ಹೇಳಿದ್ದಳು. ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಮೊದಲ ಟೆಸ್ಟಿನಲ್ಲಿ ಒಂದು ಪ್ರಶ್ನೆ ಬಂತು. ಮೂವತ್ತೆರಡು ಮಾತ್ರೆಯ, ಅಂದರೆ ಎಣಿಕೆಯ, ತಾಳದ ಒಂದು ಆವರ್ತ. ತಕಧಿಮಿಯಂಥ ಒಂದೇ ಸೊಲ್ಲು ಮೂರು ಸಲ ಬರಬೇಕು, ನಡುವೆ ಎರಡು ಸಮಾನ ಬಿಡುವು ಇರಬೇಕು. ಸೊಲ್ಲಿಗೆಷ್ಟು, ಬಿಡುವಿಗೆಷ್ಟು? ನನಗಿದು ಬರೀ ಸಮೀಕರಣ. ಉತ್ತರಗಳು ಹಲವು. ಉಳಿದವರೆಲ್ಲ ಎಂಟು, ನಾಲ್ಕು ಎಂದೇ ಬರೆಯುತ್ತಾರೆ ಎಂದುಕೊಂಡೆ, ಹಾಗೇ ಬರೆದಿದ್ದರು ಕೂಡ. ಬೇರೆಯಾಗಿ ಕಾಣಲಿ ಎಂದು ನಾನು ಆರು, ಏಳು ಎಂದು ಬರೆದೆ. ನನ್ನ ಹಿಂದಿನ ಬೆಂಚಿನಲ್ಲಿದ್ದ ಅವಳೂ ಆರು, ಏಳು ಎಂದೇ ಬರೆದಿದ್ದಳು.

ಮೇಡಂ ಇಬ್ಬರ ಪೇಪರನ್ನೂ ತಡೆಹಿಡಿದು ಮೊದಲು ನನ್ನನ್ನು ಕರೆಸಿದರು. ಅವಳು ಎಲ್ಲಿ ಕೂತಿದ್ದಳು ಎಂದು ಕೇಳಿದರು. ಹಿಂದೆ ಎಂದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಕೆಮಿಸ್ಟ್ರಿಯವರಿಗೆ ಉತ್ತರ ನೋಡಿಕೊಂಡು ಬರೆಯುವುದು ಅಭ್ಯಾಸ ಎಂದೂ ಸೇರಿಸಿದೆ. ಹೇಳುವಾಗ ಅದು ನಿಜವೆಂದೇ ನಂಬಿದ್ದೆ.

ಮರುದಿನ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಮೇಡಂ ಹೊಸ ಲೆಕ್ಕ ಕೊಟ್ಟರು. ಅವಳು ಕಾಗದ ಮುಟ್ಟಲಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತಾ ತುಟಿಯಲ್ಲೇ ಸೊಲ್ಲು ಹೇಳಿಕೊಂಡಳು. ಎರಡು ಸಲ ತಪ್ಪಿ, ಮೂರನೆಯ ಸಲ ಸರಿಯಾಗಿ ಸಮಕ್ಕೆ, ತಾಳದ ಮೊದಲ ಪೆಟ್ಟಿಗೆ, ಬಂದು ನಿಂತಳು. ಅವಳ ಅಣ್ಣ ಮೃದಂಗ ಕಲಿಯುತ್ತಿದ್ದನಂತೆ, ಕೇಳಿ ಕೇಳಿ ಬಂದಿದ್ದಂತೆ. ಟೆಸ್ಟಿನಲ್ಲಿ ಆರು, ಏಳು ಯಾಕೆ ಎಂದು ಮೇಡಂ ಕೇಳಿದ್ದಕ್ಕೆ, ಬಿಡುವು ಉದ್ದವಿದ್ದರೆ ಕೇಳುವವರು ಕಾಯುತ್ತಾರೆ ಎಂದಳು.

ನಾನು ಬೋರ್ಡಿನ ಮೇಲೆ ಸಮೀಕರಣ ಬರೆದೆ. ಕೈಯಲ್ಲಿ ತೋರಿಸು ಎಂದರು ಮೇಡಂ. ನಾಲ್ಕನೆಯ ಎಣಿಕೆಗೇ ನನ್ನ ತಾಳ ತಪ್ಪಿತು. ಅವರು ನನ್ನನ್ನು ದಿಟ್ಟಿಸಿ ನೋಡಿದರು.

"ಹಿಂದೆ ಕೂತವರೇ ನೋಡಿ ಬರೆಯಬೇಕು ಅಂತೇನಿಲ್ಲ. ಮುಂದೆ ಕೂತವರೂ ತಿರುಗಬಹುದು," ಎಂದರು ತಮ್ಮ ತಮಿಳಿನಲ್ಲಿ.

ನನ್ನ ಪೇಪರು ಪರಿಶೀಲನೆಗೆಂದು ಗಣಿತ ವಿಭಾಗಕ್ಕೆ ಹೋಯಿತು. ನಮ್ಮ ಪ್ರೊಫೆಸರ್ ಉತ್ತರದ ಪಕ್ಕದಲ್ಲಿ 'ಸರಿಯಿದೆ' ಎಂದು ಬರೆದು ಸಹಿ ಹಾಕಿದ ಮೇಲೆಯೇ ನನಗೆ ಅಂಕ ಸಿಕ್ಕಿದ್ದು. ಅವಳಿಗೆ ಅಂದೇ ಸಿಕ್ಕಿತ್ತು.

ಅದಾದ ಮೇಲೆ ಅವಳು ಟ್ರೈನಿನಲ್ಲಿ ಬೇರೆ ಬೋಗಿ ಹತ್ತತೊಡಗಿದಳು. ಒಂದು ಸಂಜೆ ಮಾತ್ರ ಬೇಕೆಂದೇ ಬಂದು ಎದುರಿಗೆ ಕೂತಳು.

"ಮೇಡಂ ಹತ್ರ ನೀ ತಾನೇ ಹೇಳಿದ್ದು?"

ಹೌದು ಎಂದೆ.

"ಸಂದೇಹ ಬಂದ್ರೆ ನನ್ನೇ ಕೇಳ್ಬಹುದಿತ್ತಲ್ಲ. ದಿನಾ ಜೊತೇಲೇ ಬರ್ತಿದ್ವಿ."

ಅಷ್ಟು ಉದ್ದದ ಕನ್ನಡವನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ತಪ್ಪಾಯಿತು ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು.

ತಾಳದ ಪೇಪರಿನ ಕೊನೆಯ ಪರೀಕ್ಷೆಯಲ್ಲಿ ನಮ್ಮ ನಂಬರುಗಳು ಅಕ್ಕಪಕ್ಕ ಬಿದ್ದವು. ಮೂರು ಗಂಟೆಯೂ ಅವಳು ಎಡಗೈಯನ್ನು ಉತ್ತರಪತ್ರಿಕೆಗೆ ಅಡ್ಡವಾಗಿಟ್ಟುಕೊಂಡೇ ಬರೆದಳು.