ಕೌಬಾಯ್‌ಗಳ ನಡುವೆ ಅಂಕಲ್

ಅಂಕಲ್ ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿಹೋಗಿತ್ತು. ಗಾಜು ಕತ್ತರಿಸಿದ ಮೇಲೆ ಆ ಸೀಳುಗುರನ್ನೇ ಅಂಚಿನುದ್ದಕ್ಕೂ ಎಳೆದು ನೋಡುತ್ತಿದ್ದರು. ನನಗೆ ಮೈ ಜುಂ ಎನ್ನುತ್ತಿತ್ತು. ಮೈಸೂರಿನ ಮಂಡಿ ಮೊಹಲ್ಲಾದವರು, ಅಮೆರಿಕದಲ್ಲಿ, ನದಿಯಾಚೆ ಮ್ಯಾನ್‌ಹಟನ್ ಕಾಣುವ ಹೋಬೋಕನ್‌ನಲ್ಲಿ ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿ ಇಟ್ಟಿದ್ದರು. ನಾನು ಅದೇ ಬೀದಿಯಲ್ಲಿ, ಗಂಡನ ವೀಸಾದ ಮೇಲೆ ಬಂದು, ಕೆಲಸ ಮಾಡುವಂತಿಲ್ಲದೆ ಕೂತವಳು. ಕನ್ನಡ ಕಿವಿಗೆ ಬಿತ್ತೆಂದು ಒಳಗೆ ಹೋದವಳು ಆಮೇಲೆ ದಿನಾ ಮಧ್ಯಾಹ್ನ ಅಲ್ಲೇ ಠಿಕಾಣಿ ಹೂಡಿದೆ.

ಅವರ ಹುಚ್ಚು ಕೌಬಾಯ್‌ಗಳ ಹಳೆಯ ಫೋಟೋಗಳು. ಪಿಸ್ತೂಲು ಹಿಡಿದು ಪೋಸು ಕೊಟ್ಟವರನ್ನು ಸ್ಟುಡಿಯೋ ವೇಷ ಎಂದು ಪಕ್ಕಕ್ಕೆ ತಳ್ಳುತ್ತಿದ್ದರು. ನೆಲದ ಮೇಲೆ ಕೂತು ತಗಡಿನ ತಟ್ಟೆಯಲ್ಲಿ ಉಣ್ಣುವವರು, ಹರಿದ ಕಾಲುಚೀಲ ಹೊಲಿದುಕೊಳ್ಳುವವನು, ಮುಖಕ್ಕೆ ಧೂಳು ಮೆತ್ತಿಕೊಂಡ ಸವಾರ, ಇವರೇ ಅಸಲಿ. ಮ್ಯಾನ್‌ಹಟನ್‌ನ ಬ್ಯಾಂಕಿನವರು ಇವನ್ನು ಕೊಂಡು ಆಫೀಸಿನಲ್ಲಿ ತೂಗುಹಾಕುತ್ತಿದ್ದರು, ಸ್ವಾತಂತ್ರ್ಯದ ಗುರುತಂತೆ. ಅಂಕಲ್‌ಗೆ ನಗು.

"ಎಂಥ ಸ್ವಾತಂತ್ರ್ಯನಮ್ಮ? ದನ ಕಾಯೋನು ಅವನು. ದನ ಬಿಟ್ಟು ಎಲ್ಲಿಗೆ ಹೋಗ್ತಾನೆ?"

ಬ್ಯಾಂಕುಗಳು ಮುಳುಗಿದ ಚಳಿಗಾಲದಲ್ಲಿ ಆ ಫೋಟೋಗಳು ವಾಪಸು ಬಂದವು. ಕೆಲಸ ಹೋದವರು ನದಿ ದಾಟಿಸುವ ಫೆರ್ರಿ ಇಳಿದು ನೇರ ಅಂಗಡಿಗೆ ಬಂದು, ಇಟ್ಟುಕೊಳ್ಳಿ ಎಂದು ಬಿಟ್ಟು ಹೋಗುತ್ತಿದ್ದರು. ಬೇಡ ಎನ್ನಲು ಅಂಕಲ್‌ಗೆ ಬಾಯಿ ಬರುತ್ತಿರಲಿಲ್ಲ. ಗೋಡೆ ತುಂಬಿ, ನೆಲ ತುಂಬಿ, ಫೋಟೋಗಳೊಳಗಿನ ಅಷ್ಟೊಂದು ಬಯಲುಗಳ ನಡುವೆ ನಮಗೆ ಕಾಲಿಡಲು ಜಾಗವಿಲ್ಲದಂತಾಯಿತು. ನಾನಂತೂ ಅಡ್ಡಡ್ಡ ನಡೆಯುತ್ತಿದ್ದೆ.

ಆಗಲೇ ಧಾರವಾಡದಲ್ಲಿ, ಅಣ್ಣನ ಮನೆಯಲ್ಲಿದ್ದ ನನ್ನ ಅವ್ವ ಒಬ್ಬೊಬ್ಬರ ಹೆಸರನ್ನೇ ಮರೆಯತೊಡಗಿದ್ದಳು. ನನ್ನನ್ನು ಮರೆಯುವ ಮೊದಲು ಹೋಗಿಬರುತ್ತೇನೆಂದರೆ ಗಂಡ ಒಪ್ಪಲಿಲ್ಲ. ಇಂಥ ಕಾಲದಲ್ಲಿ ಹೋಗಿ, ಮರಳಿ ಬರಲು ವೀಸಾ ಸ್ಟಾಂಪ್ ಆಗದಿದ್ದರೆ? ತಮ್ಮ ಕೆಲಸವೇ ಇಂದೋ ನಾಳೆಯೋ ಎನ್ನುವಂತಿದೆ, ಸ್ವಲ್ಪ ತಡಿ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಹೋದಾಗ ಅಂಕಲ್ ಒಂದೇ ಗಾಜನ್ನು ಮತ್ತೆ ಮತ್ತೆ ಒರೆಸುತ್ತಿದ್ದರು. ಮೈಸೂರಿನಲ್ಲಿ ಅವರ ತಾಯಿ ತೀರಿಕೊಂಡಿದ್ದರು. ಅಂಕಲ್ ಅವರ ಗ್ರೀನ್ ಕಾರ್ಡಿನ ಅರ್ಜಿ ವರ್ಷಗಳಿಂದ ನೇತಾಡುತ್ತಿತ್ತು. ದೇಶ ಬಿಟ್ಟರೆ ಮರಳಿ ಬರುವಂತಿಲ್ಲ ಎಂದು ಲಾಯರು ಹೇಳಿದ್ದರು. ಹೆಂಡತಿ ಮಕ್ಕಳು ಹೋಬೋಕನ್‌ನಲ್ಲೇ ಇದ್ದರು. ಅವರ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

"ನನಗೆ ಹೊರಗಡೆಯಿಂದ ಬೀಗ ಹಾಕಿದಾರಮ್ಮ," ಎಂದರು. "ನಿನಗೆ ಹಾಗಿಲ್ಲ. ಭಯ ಇದೆ, ಅಷ್ಟೇ. ಹೋಗು."

ನನ್ನ ಸಂಸಾರದ ಗೋಜು ಇವರಿಗೇನು ಗೊತ್ತು ಎಂದು ಸಿಟ್ಟು ಬಂತು. ಆದರೂ ಆ ವಾರವೇ ಟಿಕೆಟ್ ಮಾಡಿಸಿದೆ. ಗಂಡ ಏರ್‌ಪೋರ್ಟಿನಲ್ಲಿ ಪೆಟ್ಟಿಗೆ ಇಳಿಸಿ ಹಾಗೇ ಕಾರು ತಿರುಗಿಸಿದರು. ಹೆದರಿದಂತೆಯೇ ಆಯಿತು, ಮತ್ತೆ ವೀಸಾ ಸಿಗಲಿಲ್ಲ. ಕೊನೆಗೆ ಗಂಡನೇ ಊರಿಗೆ ಬಂದರು.

ಅವರು ಬರುವಷ್ಟರಲ್ಲಿ ಅವ್ವ ಹೋಗಿಯಾಗಿತ್ತು, ನನ್ನ ತೊಡೆಯ ಮೇಲೆ. ಹೋಬೋಕನ್‌ಗೆ ಫೋನ್ ಮಾಡಿ ತಿಳಿಸಿದೆ. ಅಂಕಲ್ ಕೇಳಿದರು.

"ನಿನ್ನ ಗುರುತು ಹಿಡಿದರೇನಮ್ಮ?"

"ಹಿಡದಳ್ರಿ ಅಂಕಲ್. ಹೆಸರು ಹಿಡದು ಕರದಳು."

ತಮ್ಮ ತಾಯಿ ಹೋದ ದಿನ ಅಳದವರು ಅವತ್ತು ಗಟ್ಟಿಯಾಗಿ ಅತ್ತರು. ನಾನು ಫೋನ್ ಇಡಲಿಲ್ಲ.