ಉದುರಿದ್ದೂ ಗಿಡವೇ

ಮರುಭೂಮಿಯ ಫೋಗ್ ಪೊದೆ ಎಲ್ಲೆಲ್ಲಿ ಬೆಳೆಯುತ್ತದೆಂದು ನಕ್ಷೆಯಲ್ಲಿ ಚುಕ್ಕೆ ಇಡುವುದು ಜೋಧ್‌ಪುರದ ಕೋಜಾರಾಮ್ ಬಿಷ್ಣೋಯ್ ಅವರ ಕೆಲಸ. ಆದರೆ ನೆಲದಲ್ಲಿ ನಿಂತ ಪೊದೆಯ ಮೇಲೆ ಅವರಿಗೆ ನಂಬಿಕೆಯಿಲ್ಲ. ಒಣಗಿಸಿ ಹಾಳೆಗೆ ಅಂಟಿಸಿ ಕಪಾಟಿನಲ್ಲಿಟ್ಟದ್ದೇ ಸಾಕ್ಷಿ. “ನಮ್ಮೂರ ತುಂಬಾ ಫೋಗೇ, ಕಾಕಾ” ಎಂದು ಯಾರಾದರೂ ಅಂದರೆ, “ಹಾಳೆ ಎಲ್ಲಪ್ಪಾ? ಹಾಳೆ ಇಲ್ಲಾಂದ್ರೆ ಗಿಡಾನೂ ಇಲ್ಲ, ನಿಮ್ಮೂರೂ ಇಲ್ಲ” ಎಂದು ಬಾಯಿ ಮುಚ್ಚಿಸುತ್ತಾರೆ. ಹೆಂಡತಿ ಮೊಸರಿಗೆ ಫೋಗ್ ಮೊಗ್ಗು ಹಾಕಿ ಬಡಿಸಿದರೆ, ಅದು ಯಾವ ದಿಬ್ಬದ್ದೆಂದು ತಿಳಿಯುವ ತನಕ ತುತ್ತು ಎತ್ತುವುದಿಲ್ಲ. ಜೂನ್ ಬೇಗೆಯಲ್ಲೂ ಹಾಳೆಗಳ ಕೋಣೆಯಲ್ಲಿ ಫ್ಯಾನ್ ಹಾಕಗೊಡುವುದಿಲ್ಲ. ಹಾಳೆಯ ಮುಂದೆ ಸೀನಿದವನ ಗತಿ ದೇವರಿಗೇ ಪ್ರೀತಿ. ಬೇರಿನಿಂದ ಉದುರಿದ ಮರಳನ್ನೂ ನವಿಲುಗರಿಯಿಂದ ಗುಡಿಸಿ, ಹಾಳೆಗೆ ಅಂಟಿಸಿದ ಕಾಗದದ ಪೊಟ್ಟಣಕ್ಕೆ ತುಂಬುತ್ತಾರೆ: “ಉದುರಿದ್ದೂ ಗಿಡವೇ ಕಣ್ರೀ.” ಅವರ ಸ್ವಂತ ಊರು ಖಾರಿಯಾಸರ್ ಸೇನೆಯ ಫಿರಂಗಿ ಅಭ್ಯಾಸದ ಬೇಲಿಯೊಳಗೆ ಸೇರಿ ವರ್ಷಗಳಾದವು, ಈಗ ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ, ನಕ್ಷೆಯಲ್ಲಿ ಚುಕ್ಕೆ ಮಾತ್ರ ಉಳಿದಿದೆ. ಹೋದ ಬೇಸಿಗೆಯಲ್ಲಿ ಮುದುಕಿ ತಾಯಿ ಬಾಡಿಗೆ ಕೋಣೆಯಲ್ಲಿ ಸಾಯುವಾಗ, “ನನ್ನ ಹೂಳುವಾಗ ನಮ್ಮೂರ ಮಣ್ಣು ಒಂದು ಹಿಡಿ ಹಾಕೋ, ಕೋಜಾ” ಅಂದಿದ್ದಳು. ಹಿಡಿ ಸಿಗಲಿಲ್ಲ, ಕಪಾಟಿನಲ್ಲಿ ಒಂದು ಚಿಟಿಕೆ ಸಿಕ್ಕಿತು. ಈಗ ಯಾರಾದರೂ ಖಾರಿಯಾಸರ್ ಹಾಳೆ ಕೇಳಿದರೆ, ಅವರು ಖಾಲಿ ಪೊಟ್ಟಣದ ಮೇಲೆ ಅಂಗೈ ಮುಚ್ಚಿಕೊಂಡೇ ತೋರಿಸುತ್ತಾರೆ: “ಇದನ್ನ ಬಿಚ್ಚಬೇಡಿ, ಉದುರುತ್ತೆ.”